ಕೆಂಪು ಚಿಂದಿ ಕಟ್ಟಿದ ಕೋಳಿಜುಟ್ಟು

ನೀಲವ್ವ ಹೂವಿನ ದಂಟುಗಳಿಂದ ಎಲೆ ಸವರುತ್ತಿದ್ದಳು. ಮೇಲಿನಿಂದ ಕೆಳಕ್ಕೆ ಒಂದೇ ಎಳೆತ. ಆಮೇಲೆ ಕಟ್ಟು ಕಟ್ಟಿ, ಒಣಗಲೆಂದು ತೊಲೆಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದಳು. ಅವರೆಲ್ಲ ನನ್ನ ಒಡಹುಟ್ಟಿದವರು. ನಾನೊಬ್ಬಳೇ ಗಿಡದ ಮೇಲಿದ್ದು ನೋಡುತ್ತಿದ್ದೆ.

ನಾನು ಒಂದು ಕೋಳಿಜುಟ್ಟಿನ ಹೂವು. ಧಾರವಾಡದ ಹೊರಗಿನ ಒಂದು ಹಿತ್ತಲಲ್ಲಿ ಹುಟ್ಟಿದವಳು. ಮದುವೆಯಾಗಿ ಬರುವಾಗ ನೀಲವ್ವನ ಸೆರಗಿಗೆ ಅವಳ ಅವ್ವ ಗಂಟು ಹಾಕಿ ಕೊಟ್ಟ ಬೀಜದ ಕುಲ ನನ್ನದು. ಆ ಅವ್ವ ಈಗಿಲ್ಲ. ತವರಿನ ಹಿತ್ತಲಿಗೆ ಯಾರೋ ಸಿಮೆಂಟು ಹಾಕಿಸಿದ್ದಾರೆ.

ಒಣಗಿಸುವ ಹೂವನ್ನು ಬೀಜ ಕಟ್ಟುವ ಮೊದಲೇ ಕೊಯ್ಯಬೇಕು, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ಹಾಗಾಗಿ ನೀಲವ್ವ ಪ್ರತಿ ವರ್ಷ ಎಲ್ಲಕ್ಕಿಂತ ದೊಡ್ಡ ಹೂವೊಂದನ್ನು ಬೀಜಕ್ಕೆ ಬಿಡುತ್ತಿದ್ದಳು. ಯಾರೂ ಕೊಯ್ಯದಿರಲೆಂದು ಅದಕ್ಕೆ ಕೆಂಪು ಚಿಂದಿ ಕಟ್ಟುತ್ತಿದ್ದಳು. ಆ ವರ್ಷ ಚಿಂದಿ ನನ್ನ ಕೊರಳಿಗೆ ಬಿತ್ತು. ನಾನು ಬೀಗಿದೆ.

ನನ್ನ ಕಾಳು ಬಲಿಯುವ ಹೊತ್ತಿಗೆ, ಒಣಗಿದ ಹೂ ಒಯ್ಯಲು ಅಲಂಕಾರದ ಅಂಗಡಿಯ ಪ್ರಮೀಳಾಬಾಯಿ ಬಂದರು.

“ಏ ನೀಲವ್ವಾ, ನನಗಂತ ಚಿಂದಿ ಕಟ್ಟಿ ಆರಿಸಿ ಇಟ್ಟೀಯಲ್ಲ! ಶಾಣ್ಯಾಕಿ ಅದೀ ಬಿಡು,” ಎನ್ನುತ್ತ ಕತ್ತರಿ ಹಾಕಿಯೇಬಿಟ್ಟರು.

“ಅಯ್ಯ, ಅದು ಬೀಜದ್ದರೀ ಬಾಯಾರ! ನಮ್ಮವ್ವನ ಬೀಜ ಅದೊಂದರಾಗ ಉಳದದ.”

“ಪ್ಯಾಕೆಟಿನ್ಯಾಗ ಬೇಕಾದಷ್ಟು ಸಿಗತಾವ ತಗೋ. ಇದಕ್ಯಾಕ ಅಳೂ ಮಾರಿ ಮಾಡ್ತೀ?”

ಅಂಗಡಿಯ ಹಿಂಕೋಣೆ ಇಲಿ ಉಚ್ಚೆಯ ನಾತ ಹೊಡೆಯುತ್ತಿತ್ತು. ಅಲ್ಲಿ ಸ್ಪ್ರೇ ಡಬ್ಬಿಯಿಂದ ನನ್ನ ಮೈಮೇಲೆ ಚಿನ್ನದ ಬಣ್ಣ ಉಗುಳಿಸಿದರು. ಮಖಮಲ್ಲಿನಂಥ ನನ್ನ ಮಡಿಕೆಗಳು ಅಂಟಂಟಾಗಿ ಒಂದಕ್ಕೊಂದು ಮೆತ್ತಿಕೊಂಡವು. ಮೇಲೆ ಗುಲಾಬಿಯ ಸೆಂಟು ಬೇರೆ. ಹೂವಿಗೆ ಇನ್ನೊಂದು ಹೂವಿನ ಕಳ್ಳ ವಾಸನೆ! ನನ್ನ ಮೈ ನನಗೇ ಹೇಸಿಗೆಯಾಯಿತು. ಚಿಂದಿಯನ್ನು ಮಾತ್ರ ಚೆಂದ ಕಾಣುತ್ತದೆಂದು ಹಾಗೆಯೇ ಬಿಟ್ಟರು.

ಗಲ್ಲಾಪೆಟ್ಟಿಗೆಯ ಪಕ್ಕದ ಹೂದಾನಿಯಲ್ಲಿ ನಿಂತೆ. ಬಂದವರೆಲ್ಲ ಎಂಜಲು ಬೆರಳಿನಲ್ಲಿ ಚಿವುಟುವವರೇ. ಒಬ್ಬಳು ಅಗಿದ ಏಲಕ್ಕಿ ಸಿಪ್ಪೆಯನ್ನು ನನ್ನ ಮಡಿಕೆಯಲ್ಲಿ ತುರುಕಿ, “ಥೇಟ್ ಪ್ಲಾಸ್ಟಿಕ್ ಇದ್ದಂಗ ಅದರೀ, ಎಷ್ಟ ಛಂದ!” ಎಂದಳು. ಅದಕ್ಕೆ ಬಾಯಿಯವರು ಉಬ್ಬಿದರು. ಚಿವುಟಿದಾಗಲೆಲ್ಲ ನನ್ನ ಕರಿ ಕಾಳು ನೆಲಕ್ಕೆ ಉದುರುತ್ತಿದ್ದವು. “ಥೂ, ಇಲಿ ಹಿಕ್ಕಿ!” ಎಂದು ಬಾಯಿಯವರು ಚೀರುತ್ತಿದ್ದರು. ನನ್ನ ಮಕ್ಕಳು ಫಿನಾಯಿಲ್ ನೀರಿನೊಂದಿಗೆ ಗಟಾರಕ್ಕೆ ಹೋಗುತ್ತಿದ್ದರು.

ಈಗ ಬಣ್ಣ ಹೊಪ್ಪಳೆಯೆದ್ದಿದೆ. ಮಡಿಕೆಯೊಳಗೆ ಜಿರಲೆ ಮೊಟ್ಟೆಯಿಟ್ಟಿದೆ. ಬಾಗಿಲ ಬಳಿಯ ಕಸದ ಡಬ್ಬಿಯಲ್ಲಿ ತಲೆ ಹೊರಚಾಚಿ ಬಿದ್ದಿದ್ದೇನೆ. ಬಣ್ಣದಡಿಯಲ್ಲಿ ಇನ್ನೂ ಒಂದಿಷ್ಟು ಕಾಳು ಇವೆ. ನನ್ನಲ್ಲಿ ಹೇಸಿಗೆಯಾಗದೆ ಉಳಿದದ್ದು ಅಷ್ಟೇ.

ಇವತ್ತು ನೀಲವ್ವ ಬಂದಿದ್ದಾಳೆ. ತಂದಿರುವುದು ಪ್ಯಾಕೆಟ್ ಬೀಜದ ಹೂಗಳು. ಒಣಗುವ ಮೊದಲೇ ಕತ್ತು ಮುರಿದುಕೊಂಡಿವೆ.

“ಏನಿದು, ಕೋಳಿಗೆ ಜಡ್ಡು ಬಂದಂಗ ಆಗ್ಯಾವಲ್ಲ!” ಎಂದು ಬಾಯಿಯವರು ನಕ್ಕು ಫೋನು ಎತ್ತಿಕೊಂಡರು.

ನೀಲವ್ವನ ಕಣ್ಣು ಡಬ್ಬಿಯ ಮೇಲೆ ಬಿತ್ತು. ಕೆಂಪು ಚಿಂದಿಯ ಗಂಟು ಅವಳದೇ. ಅವಳು ಸೆರಗು ಹರವಿ ಹಿಡಿದಳು.

“ಬಾಯಾರ, ಆ ಹೂ ಒಂದೀಟು ಇದರಾಗ ಕೊಡವಿಕೊಳ್ಳಲೇನ್ರಿ?”