ಸಿರಿಯ ಸೋದರಮಾವ

"ಹುಡುಗಿ ಒಳ್ಳೇಳು ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ ರುದ್ರಮ್ಮ. ಅದಲ್ಲ ಪ್ರಶ್ನೆ. ಇವಳ ಕಡೆಯೋರು ಯಾರು?" ಎಂದರು ಹನುಮಂತಯ್ಯ.

ರುದ್ರಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರು. ಬೆಳಗಿನಿಂದ ಅರಸೀಕೆರೆಯಲ್ಲಿ ನೋಡಿದ ಬಾಡಿಗೆ ಮನೆಗಳಲ್ಲೆಲ್ಲ ಇದೇ ಪ್ರಶ್ನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ ಕಡೆಯೆಲ್ಲ ಬಾಗಿಲು ಮುಚ್ಚಿತ್ತು. ಈಗಲೂ ಸಿರಿ ನಿಜ ಹೇಳಲು ಬಾಯಿ ತೆರೆದಳು. ರುದ್ರಮ್ಮ ಅವಳ ಕಾಲು ತುಳಿದರು.

"ನಮ್ಮೋಳೇ ಕಣ್ರೀ. ನನ್ನ ತಮ್ಮನ ಮಗಳು."

"ನಿಮಗೆಲ್ಲಿ ತಮ್ಮ? ನಿಮ್ಮ ಮದುವೆ ಚಪ್ಪರಕ್ಕೆ ಕರೆಂಟ್ ಎಳೆದೋನೇ ನಾನು. ನಿಮ್ಮಪ್ಪನಿಗೆ ನೀವೊಬ್ಬರೇ ಮಗಳು."

"ಚಿಕ್ಕಪ್ಪನ ಮಗ ತಮ್ಮ ಅಲ್ವೇನ್ರೀ? ಕಣಕಟ್ಟೆ ಕಡೆಯೋರು. ಇವಳಿಗೆ ದೊಡ್ಡಪ್ಪ ಅವ್ರೆ, ಸೋದರಮಾವ ಅವ್ರೆ. ಹಾಲು ಉಕ್ಸೋ ದಿನ ಬತ್ತಾರೆ, ನೀವೇ ನೋಡೀರಂತೆ."

ಲೈನ್‌ಮನ್ ಆಗಿ ನಿವೃತ್ತರಾದ ಹನುಮಂತಯ್ಯನಿಗೆ ತಂತಿಯ ಎರಡೂ ತುದಿ ಎಲ್ಲಿವೆ ಎಂದು ತಿಳಿಯದೆ ಸಮಾಧಾನವಿರುತ್ತಿರಲಿಲ್ಲ. "ಬರಲಿ. ಅವರನ್ನು ನೋಡಿಯೇ ಬೀಗದಕೈ ಕೊಡ್ತೀನಿ" ಎಂದರು.

ಬೀದಿಗೆ ಬಂದ ಮೇಲೆ ಸಿರಿ ಕೇಳಿದಳು. "ಆಂಟಿ, ಸೋದರಮಾವನ್ನ ಎಲ್ಲಿಂದ ತರ್ತೀರ?"

"ಆಂಟಿ ಅಲ್ಲ, ಸೋದರತ್ತೆ. ಊಟಕ್ಕೆ ಬರೋರಲ್ಲಿ ಯಾರನ್ನಾರ ಹಿಡೀತೀನಿ, ನಡಿ."

ರುದ್ರಮ್ಮನದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಖಾನಾವಳಿ. ಸಿರಿ ಹದಿನೆಂಟು ತುಂಬುವವರೆಗೆ ಬಾಲಮಂದಿರದಲ್ಲಿ ಬೆಳೆದವಳು. ಹೊರಗೆ ಬಂದು ಗಾರ್ಮೆಂಟ್ಸ್ ಸೇರಿ, ಗೆಳತಿಯೊಬ್ಬಳ ಜೊತೆ ಕೋಣೆ ಹಿಡಿದಿದ್ದಳು. ಗೆಳತಿಗೆ ಮದುವೆಯಾಯಿತು. ಒಂಟಿ ಹುಡುಗಿಗೆ ಕೊಡುವುದಿಲ್ಲವೆಂದು ಮನೆಯವರು ಕೋಣೆ ಬಿಡಿಸಿದರು. ಆಮೇಲೆ ಅವಳು ಊಟಕ್ಕೆ ಬರುವಾಗ ಬಟ್ಟೆಯ ಬ್ಯಾಗೂ ಜೊತೆಗೆ ಬರತೊಡಗಿತು. ಅನ್ನ ಬಡಿಸುತ್ತಲೇ ರುದ್ರಮ್ಮ ಅವಳ ಬಾಯಿ ಬಿಡಿಸಿದರು: ಮಲಗುವುದು ರೈಲ್ವೆ ಸ್ಟೇಷನ್ನಿನಲ್ಲಿ, ಹೆಂಗಸರ ವೇಟಿಂಗ್ ರೂಮಿನಲ್ಲಿ.

ಅಂದಿನಿಂದ ಸಿರಿ ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗೂ ಗ್ಯಾಸ್ ಸಿಲಿಂಡರಿಗೂ ನಡುವೆ ಮಲಗುತ್ತಿದ್ದಳು. ಆ ಕೋಣೆಯ ಒಡತಿಯೆಂದರೆ ರುದ್ರಮ್ಮನ ಮುದಿ ಅತ್ತೆ. ಅಜ್ಜಿಗೆ ನೆನಪು ನಿಲ್ಲುತ್ತಿರಲಿಲ್ಲ. ಬೆಳಗಾದರೆ, "ಯಾರವ್ವ ನೀನು? ಯಾವಾಗ ಹೊಂಟೀಯೆ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದಳು. ಅದು ಮರೆವಿನ ಮಾತೆಂದು ಸಿರಿಗೆ ಗೊತ್ತಿತ್ತು. ಆದರೂ ಕೇಳಿದಾಗಲೆಲ್ಲ ಎದ್ದು ಹಾಸಿಗೆ ಮಡಚುತ್ತಿದ್ದಳು. ಅದನ್ನು ನೋಡಲಾಗದೆ ರುದ್ರಮ್ಮ ಮನೆ ಹುಡುಕಲು ಹೊರಟಿದ್ದು.

ದೊಡ್ಡಪ್ಪ ಸುಲಭವಾಗಿ ಸಿಕ್ಕಿದರು. ಕೊಬ್ಬರಿ ವ್ಯಾಪಾರದ ಕರಿಬಸವಯ್ಯ, ಹೆಂಡತಿಯಿಲ್ಲ, ಮಕ್ಕಳಿಲ್ಲ. ಕೇಳಿದ ಕೂಡಲೇ ಒಪ್ಪಿ ಹೊಸ ಪಂಚೆ ಕೊಂಡರು. ಸೋದರಮಾವನ ಪಾತ್ರಕ್ಕೆ ಆಟೋ ಹುಚ್ಚಣ್ಣನನ್ನು ಹಿಡಿದಾಗ ಅವನು ಅನುಮಾನದಿಂದ, "ಮಾವ ಅಂದ್ರೆ ಏನ್ ಮಾಡ್ಬೇಕಕ್ಕ?" ಎಂದ.

"ಬಾಯ್ ಮುಚ್ಕೊಂಡು ಕೂತು ಪಾಯಸ ತಿನ್ನಬೇಕು."

ಪಾಯಸವನ್ನೇನೋ ಅವನು ತಿಂದ.

ಹಾಲು ಉಕ್ಕಿಸುವ ದಿನ ಹುಚ್ಚಣ್ಣ, ಒಳ್ಳೆಯ ಕೆಲಸವೆಂದು ಮುಂಜಾನೆಯೇ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋಗಿ ಹಣೆ ತುಂಬ ನಾಮ ಇಟ್ಟುಕೊಂಡು ಬಂದಿದ್ದ. ಕರಿಬಸವಯ್ಯನ ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹನುಮಂತಯ್ಯ ಮಹಡಿ ಕೋಣೆಯ ಚಾಪೆಯ ಮೇಲೆ ಕೂತು ಆ ಹಣೆಯಿಂದ ಈ ಹಣೆಗೆ, ಈ ಹಣೆಯಿಂದ ಆ ಹಣೆಗೆ ನೋಡಿದರು.

"ದೊಡ್ಡಪ್ಪನಿಗೆ ವಿಭೂತಿ, ಮಾವನಿಗೆ ನಾಮ. ಇದು ಹ್ಯಾಗೆ?"

ಇದನ್ನು ರುದ್ರಮ್ಮ ಯೋಚಿಸಿಯೇ ಇರಲಿಲ್ಲ. ಕರಿಬಸವಯ್ಯ ಒಮ್ಮೆ ಕೆಮ್ಮಿ, "ಲವ್ ಮ್ಯಾರೇಜು" ಎಂದುಬಿಟ್ಟರು.

ಒಲೆಯ ಮೇಲೆ ಹಾಲಿಟ್ಟು ನಿಂತಿದ್ದ ಸಿರಿ ತಿರುಗಿ ನೋಡಿದಳು.

"ನನ್ನ ತಮ್ಮ ಭಾರಿ ಹಠಮಾರಿ" ಎಂದು ಕರಿಬಸವಯ್ಯ ಮುಂದುವರಿಸಿದರು. "ಇವರ ತಂಗಿ ಹಿಂದೆ ಬಿದ್ದಳು, ಅವನು ಒಪ್ಪಿಬಿಟ್ಟ."

"ಯಾರು ಹಿಂದೆ ಬಿದ್ದಿದ್ದು?" ಹುಚ್ಚಣ್ಣ ಪಾಯಸದ ಲೋಟ ಕೆಳಗಿಟ್ಟ. "ನಿಮ್ ತಮ್ಮನೇ ದಿನಾ ನಮ್ ಬೀದೀಲಿ ಸೈಕಲ್ ಬೆಲ್ ಹೊಡ್ಕಂಡು ತಿರುಗ್ತಿದ್ದ! ನನ್ ತಂಗಿ ತಲೆ ಎತ್ತಿ ನೋಡ್ದೋಳಲ್ಲ. ಅವಳು ಕಳೆ ಕೀಳ್ತಾ ಹಾಡಿದ್ರೆ ಪಕ್ಕದ ಹೊಲದೋರು ಕೆಲ್ಸ ಬಿಟ್ಟು ನಿಲ್ಲೋರು. ನೋಡಿ, ಈ ಮಗೀಗೂ ಅವಳದೇ ಮೂಗು."

ಸಿರಿಯ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಅಮ್ಮ ಹಾಡುತ್ತಿದ್ದಳು, ಅಪ್ಪ ಸೈಕಲ್ ಬೆಲ್ ಹೊಡೆಯುತ್ತಿದ್ದ. ಎಲ್ಲ ಸುಳ್ಳೆಂದು ಗೊತ್ತಿದ್ದರೂ ಇನ್ನೊಂದಿಷ್ಟು ಹೇಳಲಿ ಅನ್ನಿಸಿತು. ಇಷ್ಟು ವರ್ಷ ಅವಳಿಗೆ ಯಾರೂ ಇಷ್ಟನ್ನೂ ಹೇಳಿರಲಿಲ್ಲ.

"ಪಾಪ, ಈಗ ಅವರಿಬ್ಬರೂ ಎಲ್ಲಿದ್ದಾರೆ?" ಎಂದರು ಬಾಗಿಲಲ್ಲಿ ನಿಂತಿದ್ದ ಲಲಿತಮ್ಮ, ಹನುಮಂತಯ್ಯನ ಹೆಂಡತಿ.

"ಲಾರಿ ಹರಿದು ಹೋಗಿಬಿಟ್ಟರು" ಎಂದರು ಕರಿಬಸವಯ್ಯ. ಅದೇ ಗಳಿಗೆಗೆ ಹುಚ್ಚಣ್ಣ, "ಮಂಗ್ಳೂರಲ್ಲವ್ರೆ" ಎಂದ.

"ಮಂಗ್ಳೂರಿಗೆ ಹೋಗೋ ಲಾರಿ" ಎಂದು ರುದ್ರಮ್ಮ ತೇಪೆ ಹಾಕಿದರು.

ಈಗತಾನೆ ಸಿಕ್ಕಿದ್ದ ಅಪ್ಪ ಅಮ್ಮನನ್ನು ಹೀಗೆ ಲಾರಿಯ ಕೆಳಗೆ ಹಾಕಿದ್ದು ಕೇಳಿ ಸಿರಿಗೆ ನಗು ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಕಣ್ಣು ಒರೆಸಿಕೊಂಡು, "ಸಾರ್, ನನಗೆ ಯಾರೂ ಇಲ್ಲ. ಬಾಲಮಂದಿರದಲ್ಲಿ ಬೆಳೆದೋಳು. ಇವರೆಲ್ಲ ಆಂಟಿ ಹೋಟ್ಲಲ್ಲಿ ಊಟ ಮಾಡೋರು. ನಾನು ಹೊರಡ್ತೀನಿ" ಎಂದಳು.

ಹನುಮಂತಯ್ಯ ಎದ್ದು ನಿಂತರು. "ಸುಳ್ಳು ಹೇಳಿದ್ರಲ್ಲ ರುದ್ರಮ್ಮ."

"ನಿಜ ಹೇಳಿದ್ ಕಡೆ ಮೆಟ್ಲು ಹತ್ತೋಕೂ ಬಿಡ್ನಿಲ್ಲ ಕಣ್ರೀ."

ಹುಚ್ಚಣ್ಣನಿಗೆ ಮಾತ್ರ ಬೇರೆಯೇ ಸಿಟ್ಟು ಬಂದಿತ್ತು. "ಯಾರೂ ಇಲ್ಲ ಅಂದ್ರೆ ಏನವ್ವ ಅರ್ಥ? ನಾನೇನ್ ಸತ್ತೋಗಿದ್ದೀನಾ? ಬೆಳಗ್ಗೆ ಎದ್ದು ಬೆಟ್ಟ ಹತ್ತಿ ಬಂದಿದ್ದು ಯಾರಿಗೋಸ್ಕರ?"

"ಹೊಸ ಪಂಚೆ ಉಟ್ಟಿದ್ದೀನಿ" ಎಂದು ಕರಿಬಸವಯ್ಯನೂ ನೊಂದುಕೊಂಡರು.

ಆಗಲೇ ಸೀದ ವಾಸನೆ ಎಲ್ಲರ ಮೂಗಿಗೂ ಬಡಿದದ್ದು. ಜಗಳದ ನಡುವೆ ಹಾಲನ್ನು ಯಾರೂ ನೋಡಿರಲಿಲ್ಲ. ಪಾತ್ರೆಯ ಸುತ್ತ ಉಕ್ಕಿ, ಒಲೆ ಆರಿಸಿ, ಕಟ್ಟೆಯ ಮೇಲಿಂದ ನೆಲಕ್ಕಿಳಿದಿತ್ತು. ಲಲಿತಮ್ಮ ಓಡಿಹೋಗಿ ಗ್ಯಾಸ್ ತಿರುಗಿಸಿ, ನೆಲ ನೋಡಿ, ಗಂಡನ ಮುಖ ನೋಡಿದರು.

"ಹಾಲು ಉಕ್ಕೇ ಹೋಯ್ತು ಕಣ್ರೀ. ಅದೂ ನಾಕು ದಿಕ್ಕಿಗೂ. ನಮ್ ಸೂರಿನ ಕೆಳಗೆ ಹಾಲು ಉಕ್ಸಿದ ಹೆಣ್ಮಗಳನ್ನ ಹೊರಗೆ ಕಳ್ಸಿ, ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನೀವ್ ನೋಡ್ಕೋತೀರಾ?"

ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಹೆದರದ ಹನುಮಂತಯ್ಯ ನೆಲದ ಮೇಲೆ ಹರಿದ ಹಾಲನ್ನು ದಾಟಲು ಹಿಂಜರಿದು ನಿಂತರು. ಆಮೇಲೆ ಬೀಗದಕೈಯನ್ನು ಸಿರಿಗೆ ಕೊಡದೆ, ಅವಳ ದೊಡ್ಡಪ್ಪನ ಕೈಗೆ ಕೊಟ್ಟರು.

"ಏನಾದ್ರೂ ತಕರಾರು ಬಂದ್ರೆ ನಿಮ್ಮನ್ನೇ ಕೇಳೋದು."

"ಕೇಳಿ" ಎಂದರು ಕರಿಬಸವಯ್ಯ, ಪಂಚೆ ಸರಿಪಡಿಸಿಕೊಳ್ಳುತ್ತ.

ಲಲಿತಮ್ಮ ನೆಲ ಒರೆಸುವ ಬಟ್ಟೆ ತಂದು ಸಿರಿಯ ಕೈಗಿತ್ತರು. "ಒರೆಸ್ಕೊ. ನಿನ್ನ ಮನೆ."

ನೆಂಟರ ಪಾತ್ರ ಅಲ್ಲಿಗೆ ಮುಗಿಯಿತೆಂದು ರುದ್ರಮ್ಮ ತಿಳಿದಿದ್ದರು. ನೆಂಟರು ಹಾಗೆ ತಿಳಿಯಲಿಲ್ಲ. ಕರಿಬಸವಯ್ಯ ವಾರಕ್ಕೊಮ್ಮೆ ಬಂದು ಚಿಲಕ ಎಳೆದೆಳೆದು ಪರೀಕ್ಷಿಸುತ್ತಿದ್ದರು. ಮಳೆ ಬಂದ ದಿನ ಹುಚ್ಚಣ್ಣನ ಆಟೋ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತಿರುತ್ತಿತ್ತು. ಅಲ್ಲಿಂದ ಮನೆಯವರೆಗೂ ಅವನು ಬೈಯುತ್ತಿದ್ದ: ಕೊಡೆ ತಂದಿಲ್ಲ, ಬೆಳಗ್ಗೆ ತಿಂಡಿ ತಿಂದಿಲ್ಲ, ಹೀಗೆ.

ಶ್ರಾವಣ ಕಳೆದ ಮೇಲೆ ಸಿರಿ ಒಂದು ಮಂಚ ಕೊಂಡಳು. ಅಂಗಡಿಯವರೇ ಒಂದು ಗೂಡ್ಸ್ ಆಟೋ ಗೊತ್ತು ಮಾಡಿ ಕಳಿಸಿದರು. ಸುದ್ದಿ ಸಂಜೆಯೊಳಗೆ ಹುಚ್ಚಣ್ಣನಿಗೆ ಮುಟ್ಟಿತು. ಕೆಳಗೆ ಹಾರ್ನ್ ಕೇಳಿ ಸಿರಿ ಬಗ್ಗಿ ನೋಡಿದಳು.

"ಮಾವ, ಮೇಲೆ ಬನ್ನಿ. ಮಂಚ ನೋಡಿ."

"ಬರಲ್ಲ. ಮನೇಲಿ ಆಟೋ ಇರೋ ಮಾವನ್ನ ಇಟ್ಕಂಡು ಯಾವನ್ದೋ ಗಾಡೀಲಿ ಮಂಚ ತರಿಸ್ದೋಳ ಮನೆಗೆ ನಾನು ಬರಲ್ಲ."

"ನಿಮ್ ಆಟೋಲಿ ಮಂಚ ಹಿಡಿಸ್ತಿರಲಿಲ್ಲ ಮಾವ."

"ಕೇಳ್ಬೋದಿತ್ತಲ್ಲ."

ಬರಲ್ಲ ಎಂದವನು ಹೊರಡಲೂ ಇಲ್ಲ. ಸಿರಿ ಕಾಫಿ ಮಾಡಿಕೊಂಡು ಮೆಟ್ಟಿಲಿಳಿದಳು. ಹುಚ್ಚಣ್ಣ ಮುಖವನ್ನು ಪೂರ್ತಿ ಆ ಕಡೆ ತಿರುಗಿಸಿ, ರೈಲ್ವೆ ಗೇಟಿನತ್ತ ನೋಡುತ್ತ ಕೂತಿದ್ದ. ಅವನ ಬಲಗೈ ಮಾತ್ರ ಆಟೋದಿಂದ ಹೊರಗೆ ಚಾಚಿತ್ತು, ಲೋಟ ಹಿಡಿಯುವಷ್ಟು ಬೆರಳು ಅಗಲಿಸಿಕೊಂಡು.