ಯಾರ ತಪ್ಪಿಗೆ ಯಾರ ಕಾಣಿಕೆ

ಮುಂಡಾಜೆಯ ಮುಂಡಪ್ಪ ಧನಿಗಳ ರಬ್ಬರ್ ತೋಟದಲ್ಲಿ ಹರಿಣಾಕ್ಷಿಯ ಕಾಲಿಗೆ ಹಾವು ಕಚ್ಚಿದ್ದು ಬೆಳಕು ಹರಿಯುವ ಮೊದಲು, ತಲೆಗೆ ಲೈಟು ಕಟ್ಟಿಕೊಂಡು ಮರ ಕೆತ್ತಿ ಟ್ಯಾಪಿಂಗ್ ಮಾಡುವ ಹೊತ್ತಿನಲ್ಲಿ. ಜೀವ ಉಳಿಯಿತು, ಬಲಗಾಲಿನ ಬೆರಳುಗಳು ಹೋದವು. ಗುಡ್ಡೆಯ ಇಳಿಜಾರಿನಲ್ಲಿ ಮರದಿಂದ ಮರಕ್ಕೆ ಓಡಿ ಹಾಲು ತೆಗೆಯುವವಳು ಆ ಕಾಲು ಕಟ್ಟಿಕೊಂಡು ಎಂಥ ಮಾಡುವುದು? ಇನ್ನು ಆ ಕೆಲಸ ಅವಳಿಂದಾಗದು.

ಕೂಲಿಯವರ ಸಂಘದವಳು, ಲಾಯಿಲದ ಕಾಂತಿ, ಮನೆಗೆ ಬಂದು ಬಿಡಿಸಿ ಹೇಳಿದಳು. ಕೆಲಸದ ಹೊತ್ತಿನಲ್ಲಿ, ಕೆಲಸದಿಂದಾಗಿಯೇ ಆದ ಪೆಟ್ಟಿಗೆ ಧನಿ ಪರಿಹಾರ ಕೊಡಬೇಕು, ಕೊಡದಿದ್ದರೆ ಬೆಳ್ತಂಗಡಿಯ ಲೇಬರ್ ಆಫೀಸಿನಲ್ಲಿ ಅರ್ಜಿ ಹಾಕಬಹುದು. ಯಂತ್ರಕ್ಕೆ ಕೈ ಸಿಕ್ಕಿದರೆ ಮಾತ್ರ ಅಂತ ಇಲ್ಲ, ಕತ್ತಲಲ್ಲಿ ತೋಟ ತಿರುಗುವ ಕೆಲಸವಾದರೆ ಹಾವು ಕಚ್ಚಿದ್ದೂ ಸೇರುತ್ತದೆ. ಕುಡಿದು ಬಿದ್ದರೆ, ಇಲ್ಲವೇ ಬೇಡವೆಂದು ಹೇಳಿದ್ದನ್ನು ಬೇಕೆಂದೇ ಮಾಡಿದರೆ ಪರಿಹಾರ ಸಿಗುವುದು ಕಷ್ಟ.

ಈ ಕೊನೆಯ ಮಾತು ಧನಿಗಳ ಕಿವಿಗೂ ಬಿತ್ತು. ಬೀಳದೆ ಇರುತ್ತದೆಯೇ! ಸ್ವಲ್ಪ ದಿನದಲ್ಲೇ ಊರಲ್ಲಿ ಸುದ್ದಿ: ಹರಿಣಾಕ್ಷಿ ತೋಟದ ಅಂಚಿನ ನಾಗಬನದೊಳಗೆ ಕಾಲಿಟ್ಟಳಂತೆ, ಅಲ್ಲಿಗೆ ಹೋಗಬೇಡವೆಂದು ಧನಿಗಳು ಮೊದಲೇ ಹೇಳಿದ್ದರಂತೆ, ನಾಗ ಸುಮ್ಮನೆ ಬಿಡುತ್ತಾನೆಯೇ. ಧನಿಗಳು ದೊಡ್ಡ ಮನಸ್ಸು ಮಾಡಿ, ತಮ್ಮ ಖರ್ಚಿನಲ್ಲೇ ನಾಗನಿಗೆ ತಂಬಿಲದ ಪೂಜೆ ಇಟ್ಟುಕೊಂಡರು. ಅವಳು ಬಂದು ಹತ್ತು ಸಮಸ್ತರೆದುರು ತಪ್ಪು ಕಾಣಿಕೆ ಹಾಕಿದರೆ ಸಾಕಂತೆ, ಆಸ್ಪತ್ರೆಯ ಬಿಲ್ಲಿಗೂ ಏನಾದರೂ ಕೊಡುತ್ತಾರಂತೆ. ಎಂಥ ಧರ್ಮರಾಯ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಪ್ಪು ತನ್ನದೆಂದು ಅವಳೇ ಕಾಣಿಕೆ ಹಾಕಿದ ಮೇಲೆ ಲೇಬರ್ ಆಫೀಸಿನಲ್ಲಿ ಕೇಳುವವರು ಯಾರು? ಊರಿಗೆ ಊರೇ ಸಾಕ್ಷಿ.

ಅತ್ತೆ ಸೇಸಮ್ಮನಿಗೆ ಆಫೀಸಿನ ಚಿಂತೆ ಇರಲಿಲ್ಲ, ನಾಗನ ಹೆದರಿಕೆ. ಮಕ್ಕಳಿರುವ ಮನೆ, ಒಂದು ನಾಣ್ಯ ಹಾಕಿ ಕೈ ಮುಗಿದು ಬಿಡು ಎಂದು ಅತ್ತಳು. ಹರಿಣಾಕ್ಷಿಗೂ ನಾಗನೆಂದರೆ ಹೆದರಿಕೆಯೇ. ಆದರೆ ಅವಳಿಗೆ ಸಿಟ್ಟು ಅದಕ್ಕಿಂತ ಹೆಚ್ಚು ಬಂದಿತ್ತು. ಮಾಡದ ತಪ್ಪನ್ನು ನಾಗನೆದುರೇ ಒಪ್ಪಿಕೊಂಡರೆ ಅದಕ್ಕಿಂತ ದೊಡ್ಡ ದೋಷ ಯಾವುದುಂಟು?

ತಂಬಿಲದ ದಿನ ಅವಳು ಕೋಲು ಊರಿಕೊಂಡು, ಸೇಸಮ್ಮನ ಜೊತೆ ಬನಕ್ಕೆ ಬಂದಳು. ಪೂಜೆ ಮುಗಿಸಿ ಭಟ್ಟರು ಅವಳ ಮುಂದೆ ಹರಿವಾಣ ಹಿಡಿದರು. ಹಾಕು ಮಾರಾಯ್ತಿ, ನಾಚಿಕೆ ಎಂಥದು ಎಂದು ಧನಿಗಳು ನಕ್ಕರು.

ಹರಿಣಾಕ್ಷಿ ನಾಣ್ಯವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು, ನಾಗನ ಕಲ್ಲಿನ ಒತ್ತಿಗೇ ನಿಂತ ರಬ್ಬರ್ ಸಾಲಿನ ಕಡೆಗೆ ಕೋಲು ತೋರಿಸಿದಳು.

"ನನಗೆ ಕಚ್ಚಿದ್ದು ಆ ಮರದ ಬುಡದಲ್ಲಿ. ಆ ಸಾಲಿನ ಟ್ಯಾಪಿಂಗ್ ಬಿಡಬೇಡ ಅಂತ ಹೇಳಿದ್ದು ನೀವೇ. ಬನದ ಮರ ಕಡಿಸಿ ಅಲ್ಲಿ ರಬ್ಬರ್ ನೆಡಿಸಿದ್ದೂ ನೀವೇ. ನಾನು ಬನಕ್ಕೆ ಹೋದದ್ದಲ್ಲ ಧನಿಗಳೇ, ನಿಮ್ಮ ರಬ್ಬರ್ ಬನಕ್ಕೆ ಹೋದದ್ದು."

ಬನ ಮೊದಲು ಎಲ್ಲಿಯವರೆಗೆ ಇತ್ತೆಂದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು, ಬಾಯಿ ಬಿಡುವವರು ಇರಲಿಲ್ಲ ಅಷ್ಟೆ. ಅವಳು ಆ ನಾಣ್ಯವನ್ನು ಧನಿಗಳ ಕೈಯಲ್ಲಿಟ್ಟಳು.

"ಕಾಣಿಕೆ ನೀವು ಹಾಕಿ. ಉಳಿದದ್ದು ಲೇಬರ್ ಆಫೀಸಿನಲ್ಲಿ ಮಾತಾಡುವ."

ಧನಿಗಳು ಭಟ್ಟರ ಮುಖ ನೋಡಿದರು. ಭಟ್ಟರು ಹರಿವಾಣವನ್ನು ಅವರ ಕಡೆಗೆ ತಿರುಗಿಸಿ ಹಿಡಿದರು.

ಸೇಸಮ್ಮ ನಾಗನಿಗೆ ಕೈ ಮುಗಿದು ಸೊಸೆಯ ತೋಳು ಹಿಡಿದಳು. ಬೆಳ್ತಂಗಡಿಯ ಬಸ್ಸಿಗೆ ಹೊತ್ತಾಯಿತು, ನಡಿ ಎಂದಳು.