ಯಾರೂ ಇಳಿಯದ ಗುಂಡಿ

"ದೂರ ನಿಂತ್ಕೊಂಡು ಮಾತಾಡೇ ಮುಂಡೆ, ನಾತ!" ಗುಮಾಸ್ತ ಮೂಗಿಗೆ ಕರವಸ್ತ್ರ ಒತ್ತಿಕೊಂಡ.

"ಇನ್ನೂ ಮುಂಡೆ ಆಗಿಲ್ಲ ಸ್ವಾಮಿ, ಅದಕ್ಕೇ ಬಂದಿದೀನಿ." ಅವಳು ಕದಲಲಿಲ್ಲ. "ಕಕ್ಕಸಿನ ಗುಂಡಿಗೆ ಇಳಿಯೋ ಮುಂಚೆ ಮುಚ್ಚಳ ತೆಗೆದು ಒಂದು ತಾಸು ಬಿಡ್ಬೇಕು, ವಿಷಗಾಳಿ ಇದ್ಯಾ ಅಂತ ಉರಿಯೋ ಕಾಗದ ಹಾಕಿ ನೋಡ್ಬೇಕು. ಮೊನ್ನೆ ಸಾಹೇಬ್ರು ಬರ್ತಾರೆ, ಬೇಗ ಇಳಿ ಅಂತ ನಮ್ಮನೆಯವರನ್ನ ಈ ಕಚೇರಿ ಗುಂಡಿಗೆ ತಳ್ಳಿದೋರು ನೀವೇ ತಾನೇ? ಗಾಳಿ ಕುಡಿದು ಬಿದ್ದೋರು ಇನ್ನೂ ಎದ್ದಿಲ್ಲ. ಕೆಲಸದಲ್ಲಿ ಹಿಂಗಾಯ್ತು ಅಂತ ಚೀಟಿ ಕೊಡಿ. ಇಲ್ದಿದ್ರೆ ದುಡ್ಡು ಕಟ್ಟಿಲ್ಲ ಅಂತ ಸಂಜೆಗೆ ಆಸ್ಪತ್ರೆಯಿಂದ ಹೊರಗೆ ಹಾಕ್ತಾರಂತೆ. ಮೂಗಿಗೆ ಹಾಕಿರೋ ಉಸಿರಿನ ನಳಿಕೆ ತೆಗೆದ್ರೆ ಅವರು ಉಳಿಯಲ್ಲ."

"ಚೀಟಿ ಕೊಡೋದು ನಾನಲ್ಲ, ಅದು." ಗುಮಾಸ್ತ ಕಂಪ್ಯೂಟರಿನತ್ತ ಗದ್ದ ಎತ್ತಿದ.

ಅದರ ಮುಂದೆ ಕನ್ನಡಕದವನೊಬ್ಬ ಕುಳಿತಿದ್ದ. ಕಾನೂನನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಸಾಲಿಗೆ ಸಾಲು ಬರೆದವನು ಅವನೇ. ಅವಳು ಹೇಳಿದ್ದನ್ನು ಕೀಲಿಮಣೆಯಲ್ಲಿ ಒತ್ತಿದ. ಚೀಟಿ ಇಲ್ಲವೆಂದು ಪರದೆ ಕೆಂಪಾಯಿತು.

"ನೋಡಮ್ಮಾ, ಮನುಷ್ಯರನ್ನ ಗುಂಡಿಗೆ ಇಳಿಸಬಾರದು ಅಂತ ಕಾನೂನಿದೆ. ಒಂದಕ್ಷರ ಬಿಡದೆ ಬರೆದಿದೀವಿ. ಯಾರೂ ಇಳಿಯೋ ಹಾಗಿಲ್ಲ, ಅಂದ್ಮೇಲೆ ಗುಂಡಿಲಿ ಯಾರಿಗೂ ಏನೂ ಆಗೋ ಹಾಗಿಲ್ಲ. ಸಾವಿರ ಸಲ ಪರೀಕ್ಷೆ ಮಾಡಿದೀವಿ. ಇದು ತಪ್ಪು ಮಾಡಲ್ಲ."

"ಇಳಿದೋರನ್ನ ಒಂದ್ಸಲ ಕೇಳಿದ್ರಾ ಅಣ್ಣಾ?"

ಕನ್ನಡಕದವನು ಗುಮಾಸ್ತನನ್ನು ನೋಡಿದ. ಗುಮಾಸ್ತ ಫ್ಯಾನು ನೋಡುತ್ತ ಹೇಳಿದ: "ಇಲ್ಲಿ ಯಾರನ್ನೂ ಇಳಿಸಿಲ್ಲ."

ಒಳಗಿನಿಂದ ಸಾಹೇಬರು ಕೂಗಿಕೊಂಡರು. ಅವಳ ಗಂಡ ಬಿದ್ದಾಗ ಅರ್ಧಕ್ಕೆ ನಿಂತಿದ್ದ ಕೆಲಸ. ಕಕ್ಕಸಿನ ನೀರು ಉಕ್ಕಿ, ಬಾಗಿಲ ಸಂದಿಯಿಂದ ಕಪ್ಪಗೆ ನುಸುಳುತ್ತಿತ್ತು.

ಗುಮಾಸ್ತನಿಗೆ ನಾತ ಮರೆತೇಹೋಯಿತು. "ತಾಯೀ, ಹೊರಗೆ ನಿನ್ನ ಮೈದುನ ನಿಂತಿದಾನಲ್ಲ, ಸ್ವಲ್ಪ ಇಳಿಯೋಕೆ ಹೇಳವ್ವ. ಚೀಟಿ ವಿಷ್ಯ ಆಮೇಲೆ ನೋಡೋಣ."

ಅವಳು ಹೊರಗೆ ಬಂದಳು. ಅಂಗಳದಲ್ಲಿ ಮೈದುನ ಆಗಲೇ ಮುಚ್ಚಳ ಸರಿಸಿ ಅಂಗಿ ಬಿಚ್ಚುತ್ತಿದ್ದ. ಕರೆದರೆ ಇಳಿಯುವುದು, ಅಷ್ಟೇ ಅವನಿಗೆ ಗೊತ್ತು. ಅವಳು ಅವನ ಕೈಯ ಹಗ್ಗ ಕಿತ್ತುಕೊಂಡಳು. ಕಬ್ಬಿಣದ ಮುಚ್ಚಳವನ್ನು ಕಾಲಿನಿಂದ ಗುಂಡಿಯ ಬಾಯಿಗೆ ನೂಕಿ, ಅದರ ಮೇಲೆ ಕುಕ್ಕರಿಸಿದಳು.

"ಏನೇ ಮಾಡ್ತಿದೀಯ, ಕತ್ತೆ?" ಗುಮಾಸ್ತ ಹಿಂದೆಯೇ ಓಡಿಬಂದ.

"ಯಾರೂ ಇಳಿಯೋ ಹಾಗಿಲ್ವಂತಲ್ಲ ಸ್ವಾಮಿ. ಒಂದಕ್ಷರ ಬಿಡದೆ ನಡೆಸ್ತಿದೀನಿ." ಹಗ್ಗವನ್ನು ಅವನ ಕಾಲಬಳಿ ಎಸೆದಳು. "ತಗೊಳ್ಳಿ. ಆ ಕಂಪ್ಯೂಟರ್ ಪೆಟ್ಟಿಗೆಯ ಸೊಂಟಕ್ಕೆ ಇದನ್ನ ಕಟ್ಟಿ ಇಳಿಸಿ. ಅದು ತಪ್ಪು ಮಾಡಲ್ವಲ್ಲ. ಉಸಿರೂ ಆಡಲ್ಲ."

"ಅತ್ತಿಗೇ, ಹೊತ್ತಾಯ್ತು. ಅಣ್ಣನ್ನ ಆಸ್ಪತ್ರೆಯಿಂದ ಹೊರಗೆ..." ಎಂದ ಮೈದುನ.

"ನಿಮ್ಮಣ್ಣನ್ನ ಗುಂಡಿಗೆ ಇಳಿಸಿದ್ವಿ ಅಂತ ಮೊದಲು ಚೀಟೀಲಿ ಬರೀಲಿ."

ಕಿಟಕಿಯೊಳಗೆ ಕನ್ನಡಕದವನು ಎರಡೂ ಕಾಲು ಕುರ್ಚಿಯ ಮೇಲೆ ಮಡಚಿ ಕೂತಿದ್ದ. ಪರದೆ ಕೆಂಪಗೇ ಇತ್ತು. ಸಂಜೆಗೆ ಇನ್ನೆರಡು ತಾಸು. ನೀರು ಮೆಟ್ಟಿಲಿಳಿದು ಬಂದು ಅವಳ ಪಾದ ಮುಟ್ಟಿತು. ಅವಳು ಏಳಲಿಲ್ಲ.